ಬಲಕ್ಕೆ ಬಾಗುವ ಚೆಂಡು

ಕೊಪ್ಪದಿಂದ ಜಯಪುರದ ಕಡೆ ಹೋಗುವಾಗ ಸಿಗುವ ಒಂದು ತೋಟದ ಮನೆ. ದಸರಾ ಕಳೆದಿದೆ, ಕೊನೆ ಕೊಯ್ಲು ಇನ್ನೂ ಶುರುವಾಗಿಲ್ಲ. ಅಡಿಕೆ ಹರಡುವ ಅಂಗಳ ಖಾಲಿ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ತೋಟಕ್ಕೆ ಮರಳಿದ ಚಿಕ್ಕಪ್ಪ ಒಂದು ಕಡೆ, ಬೆಂಗಳೂರಿನಲ್ಲಿ ಗಾಲ್ಫ್ ಕಲಿಸುವ ಅಣ್ಣನ ಮಗಳು ಇನ್ನೊಂದು ಕಡೆ.

ಚಿಕ್ಕಪ್ಪ: ನೀನು ಬಂದದ್ದು ಒಳ್ಳೆಯದಾಯ್ತು ಮಾರಾಯ್ತಿ. ನನಗೊಂದು ಕಾಯಿಲೆ ಹತ್ತಿಕೊಂಡಿದೆ, ಇಲ್ಲಿನ ಡಾಕ್ಟರಿಗೆ ಹೇಳಿದರೆ ನಗ್ತಾರೆ. ಪುರುಸೊತ್ತಾದಾಗ ಬಾಳೆಹೊನ್ನೂರು, ಆಲ್ದೂರು ದಾಟಿ ಚಿಕ್ಕಮಗಳೂರಿಗೆ ಗಾಲ್ಫ್ ಆಡಲಿಕ್ಕೆ ಹೋಗ್ತೇನಲ್ಲ, ಸಣ್ಣ ಕ್ಲಬ್ಬುಗಳಲ್ಲಿ ಚೆಂಡು ಹೇಗೋ ಮಾತು ಕೇಳ್ತದೆ. ಎಲ್ಲಕ್ಕಿಂತ ಉದ್ದದ ಕ್ಲಬ್ಬು, ಆ ಡ್ರೈವರ್, ಕೈಗೆ ತಗೊಂಡೆನೋ, ಬಲಕ್ಕೆ ಬಾಗಿ ಸೀದಾ ಪೊದೆಯೊಳಗೆ.

ಮಗಳು: ನೇರ ಹೊರಟು ಬಲಕ್ಕೆ ಬಾಗ್ತದಾ, ಅಥವಾ ಮೊದಲು ಎಡಕ್ಕೆ ಹೊರಟು ಆಮೇಲೆ ಬಲಕ್ಕೆ ತಿರುಗ್ತದಾ?

ಚಿಕ್ಕಪ್ಪ: ಅದನ್ನೆಲ್ಲ ಯಾರು ನೋಡ್ತಾರೆ! ಎಲ್ಲಿ ಬಿತ್ತು ಅಂತ ನೋಡುವಷ್ಟರಲ್ಲೇ ಸಾಕಾಗ್ತದೆ.

ಮಗಳು: ನೀವು ಬಿದ್ದ ಜಾಗ ನೋಡ್ತೀರಿ, ನಾನು ಹೊರಟ ದಿಕ್ಕು ನೋಡ್ತೇನೆ. ಕಲಿಯುವವನಿಗೆ ಬೇಕಾದದ್ದು ಎರಡನೆಯದು. ಸ್ವಲ್ಪ ನೆನಪು ಮಾಡಿಕೊಳ್ಳಿ ಚಿಕ್ಕಪ್ಪಾ. ಚೆಂಡು ಕೂರಿಸುವ ಟೀ ಬಿಟ್ಟ ಮೊದಲ ಇಪ್ಪತ್ತು ಗಜ ಅದು ಯಾವ ಕಡೆಗಿತ್ತು?

ಚಿಕ್ಕಪ್ಪ: ಎಡಕ್ಕೇ ಇರ್ತದೆ. ಅದಕ್ಕೆ ಕಾರಣವೂ ನಾನೇ. ಹೇಗೂ ಬಲಕ್ಕೆ ಹೋಗ್ತದಲ್ಲ ಅಂತ ನಿಲ್ಲುವಾಗಲೇ ಎಡಕ್ಕೆ ತಿರುಗಿ ನಿಲ್ತೇನೆ. ಲೆಕ್ಕ ಸರಿಯಾಗೇ ಇದೆ. ಆದರೆ ಎಷ್ಟು ಎಡಕ್ಕೆ ತಿರುಗಿದರೂ ಅದು ಅಷ್ಟೇ ಹೆಚ್ಚು ಬಲಕ್ಕೆ ಬಾಗ್ತದೆ. ನನ್ನ ಮೇಲೆ ಹಠ ಸಾಧಿಸಿದ ಹಾಗೆ.

ಮಗಳು: ಹಠ ಏನೂ ಇಲ್ಲ, ಅದು ಪಾಪ ನೀವು ಹೇಳಿದ್ದನ್ನೇ ಮಾಡ್ತಿದೆ. ಚೆಂಡಿಗೆ ಗೊತ್ತಾಗುವುದು ಎರಡೇ ಸಂಗತಿ. ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ, ಅಂದರೆ ಫೇಸ್, ಯಾವ ಕಡೆ ನೋಡ್ತಿತ್ತು ಅನ್ನುವುದು ಒಂದು. ಕ್ಲಬ್ ಯಾವ ದಾರಿಯಲ್ಲಿ ಹೋಗ್ತಿತ್ತು ಅನ್ನುವುದು ಇನ್ನೊಂದು. ಚೆಂಡು ಹೊರಡುವ ದಿಕ್ಕನ್ನು ಹೆಚ್ಚಾಗಿ ಫೇಸ್ ತೀರ್ಮಾನಿಸ್ತದೆ, ಡ್ರೈವರ್‌ನಲ್ಲಿ ಶೇ. 80ಕ್ಕಿಂತ ಹೆಚ್ಚು ಪಾಲು ಅದರದ್ದೇ. ಬಾಗುವುದನ್ನು ತೀರ್ಮಾನಿಸುವುದು ಫೇಸಿಗೂ ದಾರಿಗೂ ನಡುವಿನ ಅಂತರ. ಫೇಸ್ ದಾರಿಗಿಂತ ಬಲಕ್ಕೆ ತೆರೆದಿದ್ದರೆ ಬಲಕ್ಕೆ ಬಾಗ್ತದೆ, ಎಡಕ್ಕೆ ಮುಚ್ಚಿದ್ದರೆ ಎಡಕ್ಕೆ.

ಚಿಕ್ಕಪ್ಪ: ನಾನು ಹಳೆಯ ಪುಸ್ತಕದಲ್ಲಿ ಓದಿದ್ದು ತಿರುಗುಮುರುಗು. ಕ್ಲಬ್ ಹೋದ ದಾರಿಯಲ್ಲಿ ಚೆಂಡು ಹೊರಡ್ತದೆ, ಆಮೇಲೆ ಫೇಸ್ ನೋಡಿದ ಕಡೆ ಬಾಗ್ತದೆ ಅಂತ.

ಮಗಳು: ಬಹಳ ಕಾಲ ಎಲ್ಲರೂ ಹಾಗೇ ಕಲಿಸಿದರು. ತಾಗುವಿಕೆ ಕಣ್ಣಿಗೆ ಕಾಣುವಂಥದ್ದಲ್ಲ. ಚೆಂಡು ಫೇಸಿಗೆ ಅಂಟಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅರ್ಧ ಮಾತ್ರ. ಈ ಶತಮಾನದ ಮೊದಲ ದಶಕದಲ್ಲಿ ಟ್ರ್ಯಾಕ್‌ಮ್ಯಾನ್‌ನಂಥ ರಾಡಾರ್ ಯಂತ್ರಗಳು ಬಂದ ಮೇಲೆ ಕಲಿಸುವವರೂ ಪಾಠ ತಿದ್ದಿಕೊಂಡರು. ಈಗ ನಿಮ್ಮ ಚೆಂಡನ್ನು ಓದಿ. ಎಡಕ್ಕೆ ಹೊರಟಿತು ಅಂದರೆ ಫೇಸ್ ಎಲ್ಲಿ ನೋಡ್ತಿತ್ತು?

ಚಿಕ್ಕಪ್ಪ: ಎಡಕ್ಕೆ.

ಮಗಳು: ಬಲಕ್ಕೆ ಬಾಗಿತು ಅಂದರೆ?

ಚಿಕ್ಕಪ್ಪ: ಕ್ಲಬ್ ಹೋದ ದಾರಿ ಫೇಸಿಗಿಂತಲೂ ಎಡಕ್ಕಿತ್ತು. ಓ! ಹಾಗಾದರೆ ನಾನು ಎಡಕ್ಕೆ ತಿರುಗಿ ನಿಂತಷ್ಟೂ ದಾರಿ ಇನ್ನೂ ಎಡಕ್ಕೆ ಹೋಗ್ತದೆ, ಅಂತರ ಹೆಚ್ಚಾಗ್ತದೆ, ಚೆಂಡು ಇನ್ನೂ ಬಾಗ್ತದೆ.

ಮಗಳು: ಅಷ್ಟೇ. ಮದ್ದು ಅಂತ ನೀವು ಕುಡಿದದ್ದೇ ಕಾಯಿಲೆ ಬೆಳೆಸಿತು.

ಚಿಕ್ಕಪ್ಪ: ಜೊತೆಗೆ ಆಡುವವರೊಬ್ಬರು ಗ್ರಿಪ್, ಅಂದರೆ ಕೈಹಿಡಿತ, ಬದಲಿಸಿ, ಫೇಸ್ ಮುಚ್ಚಿಕೊಳ್ತದೆ ಅಂದರು. ಬದಲಿಸಿದೆ. ಚೆಂಡು ಬಾಗುವುದು ನಿಂತಿತು, ಆದರೆ ಬಾಣದ ಹಾಗೆ ಎಡಗಡೆಯ ಪೊದೆಗೆ ಹೋಯಿತು. ಬಲಗಡೆ ಪೊದೆಯಾದರೂ ನನಗೆ ಪರಿಚಯದ್ದಾಗಿತ್ತು.

ಮಗಳು: ಅವರು ಹೇಳಿದ್ದು ತಪ್ಪಲ್ಲ, ನಿಮ್ಮ ಕಾಯಿಲೆಗೆ ಹೇಳಿದ್ದಲ್ಲ. ಹೀಗೆ ಬಲಕ್ಕೆ ಬಾಗುವ ಹೊಡೆತಕ್ಕೆ ಸ್ಲೈಸ್ ಅಂತಾರೆ, ಅದರಲ್ಲಿ ಎರಡು ಜಾತಿ. ನೇರವಾಗಿಯೋ ಬಲಕ್ಕೋ ಹೊರಟು ಮತ್ತೂ ಬಲಕ್ಕೆ ಬಾಗುವುದು ಒಂದು. ಅದರಲ್ಲಿ ಫೇಸ್ ತೆರೆದೇ ಬಂದಿರ್ತದೆ, ಅದಕ್ಕೆ ಗ್ರಿಪ್ ಸರಿಪಡಿಸಬೇಕು. ಎಡಕ್ಕೆ ಹೊರಟು ಬಲಕ್ಕೆ ಬಾಗುವುದು ಇನ್ನೊಂದು. ಅಲ್ಲಿ ಮುಖ್ಯವಾಗಿ ಕೆಟ್ಟದ್ದು ದಾರಿ. ದಾರಿ ಹಾಗೇ ಇಟ್ಟು ಫೇಸ್ ಮಾತ್ರ ಮುಚ್ಚಿದರೆ ಎರಡೂ ಒಂದೇ ಕಡೆ ನೋಡ್ತವೆ, ಚೆಂಡು ನೇರ ಎಡಕ್ಕೆ ಹೋಗ್ತದೆ. ಅದಕ್ಕೇ ನಾನು ಮೊದಲು ಹೊರಟ ದಿಕ್ಕು ಕೇಳಿದ್ದು.

ಚಿಕ್ಕಪ್ಪ: ಆದರೆ ಏಳನೇ ನಂಬರಿನ ಐರನ್ ಅನ್ನುವ ಸಣ್ಣ ಕ್ಲಬ್ಬಿನಲ್ಲಿ ಹೊಡೆಯುವವನೂ ನಾನೇ, ಅದೇ ಕೈ, ಅದೇ ಬೆನ್ನು. ಅದು ಯಾಕೆ ಇಷ್ಟು ಬಾಗುವುದಿಲ್ಲ?

ಮಗಳು: ತಪ್ಪು ಅಲ್ಲೂ ಇದೆ, ಮುಚ್ಚಿಹೋಗ್ತದೆ. ಐರನ್ನಿನ ಫೇಸ್ ಆಕಾಶಕ್ಕೆ ಹೆಚ್ಚು ಮಲಗಿರ್ತದೆ, ಹಾಗಾಗಿ ಚೆಂಡು ಹಿಂದಕ್ಕೆ ಜೋರಾಗಿ ಸುತ್ತುತ್ತಾ ಹೋಗ್ತದೆ. ಅಮೆರಿಕದ ಪುರುಷ ವೃತ್ತಿಪರರಲ್ಲಿ ಏಳನೇ ಐರನ್ನಿಗೆ ನಿಮಿಷಕ್ಕೆ ಸುಮಾರು 7,000 ಸುತ್ತು. ಡ್ರೈವರ್‌ನ ಲಾಫ್ಟ್, ಅಂದರೆ ಆ ಮಲಗುವ ಕೋನ, ಒಂಬತ್ತರಿಂದ ಹನ್ನೆರಡು ಡಿಗ್ರಿ ಅಷ್ಟೇ, ಸುತ್ತು 2,700ರ ಆಸುಪಾಸು. ಹಿಂದಕ್ಕೆ ಸುತ್ತುವುದು ಕಡಿಮೆಯಾದಷ್ಟೂ ಅದೇ ತಪ್ಪಿಗೆ ಸುತ್ತಿನ ಅಚ್ಚು ಹೆಚ್ಚು ವಾಲ್ತದೆ. ಜೊತೆಗೆ ಕ್ಲಬ್ಬಿನ ಕೋಲು, ಅಂದರೆ ಶಾಫ್ಟ್, ಉದ್ದ, ವೇಗ ಹೆಚ್ಚು, ಚೆಂಡು ಗಾಳಿಯಲ್ಲಿರುವ ಹೊತ್ತೂ ಹೆಚ್ಚು.

ಚಿಕ್ಕಪ್ಪ: ಉದ್ದ ಎಷ್ಟಿರಬಹುದು ಅಂತ ನಿಯಮ ಉಂಟಾ?

ಮಗಳು: ಉಂಟು. 48 ಇಂಚು ಮೀರುವ ಹಾಗಿಲ್ಲ. 2022ರಿಂದ ದೊಡ್ಡ ಪಂದ್ಯಗಳಲ್ಲಿ ಬೇಕೆಂದರೆ 46ಕ್ಕೇ ಮಿತಿ ಹಾಕಬಹುದು. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು. ಹಿಂದಿನ ಕಾಲದಲ್ಲಿ ತಲೆಯೂ ಮರದ್ದೇ, ಪರ್ಸಿಮನ್ ಮರ. ಅದಕ್ಕೇ ಈಗಲೂ ವುಡ್ ಅಂತಾರೆ. ಲೋಹದ ತಲೆ ಚಲಾವಣೆಗೆ ಬಂದದ್ದು 1980ರ ದಶಕದಲ್ಲಿ. ಶಾಫ್ಟ್ ಈಗ ಕಾರ್ಬನ್ ಫೈಬರ್.

ಚಿಕ್ಕಪ್ಪ: ಕಾರ್ಬನ್ ಫೈಬರ್ ಅಂದರೆ ನಮ್ಮ ದೋಟಿಯದ್ದೇ ಸರಕು. ಈಗ ಕೊನೆ ಕೊಯ್ಯುವುದೂ, ಔಷಧಿ ಹೊಡೆಯುವುದೂ ಅದರಲ್ಲೇ. ಅರವತ್ತು ಅಡಿ ಉದ್ದದ್ದನ್ನು ನೆಲದಲ್ಲೇ ನಿಂತು ಎತ್ತಬಹುದು, ಮರ ಹತ್ತುವ ಕೊನೆಗಾರ ಸಿಗದೆ ಒದ್ದಾಡುವುದು ಕಡಿಮೆಯಾಯ್ತು. ಆದರೆ ಅದನ್ನು ಹಿಡಿಯುವುದೂ ಒಂದು ವಿದ್ಯೆ. ಹೊಸಬರು ತೋಳಿನಿಂದ ಎಳೆದಾಡ್ತಾರೆ, ತುದಿ ಓಲಾಡ್ತದೆ, ಕತ್ತಿ ಗೊನೆಗೆ ಸಿಕ್ಕುವುದೇ ಇಲ್ಲ. ಪಳಗಿದವನು ಕಾಲು ಊರಿ ಬುಡದಿಂದ ಚಲಿಸ್ತಾನೆ, ತುದಿ ತಾನಾಗಿ ಹಿಂದಿನಿಂದ ಬರ್ತದೆ.

ಮಗಳು: ಈ ಮಾತನ್ನು ನಾನು ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ವಿವರಿಸಲಿಕ್ಕಾಗದೆ ಸೋತಿದ್ದೇನೆ! ಡ್ರೈವರ್ ಸ್ವಿಂಗೂ ಹಾಗೇ, ಬುಡದಿಂದ ತುದಿಗೆ. ಕೆಳಗೆ ಬರುವಾಗ ಮೊದಲು ಸೊಂಟ ತಿರುಗ್ತದೆ, ಆಮೇಲೆ ಎದೆ, ಆಮೇಲೆ ತೋಳು, ಕೊನೆಗೆ ಕ್ಲಬ್ಬಿನ ತಲೆ. ಒಂದೊಂದೂ ತನ್ನ ವೇಗವನ್ನು ಮುಂದಿನದಕ್ಕೆ ಕೊಟ್ಟು ತಾನು ನಿಧಾನ ಆಗ್ತದೆ. ಒಳ್ಳೆಯ ಆಟಗಾರರನ್ನೆಲ್ಲ ಅಳೆದು ನೋಡಿದಾಗ ಕಂಡದ್ದು ಈ ಕ್ರಮವೇ. ನೀವು ಮಾಡ್ತಿರುವುದು ಇದರ ಉಲ್ಟಾ. ಮೇಲಿಂದ ಇಳಿಯುವಾಗ ಮೊದಲು ಬಲ ಭುಜ ಮುಂದಕ್ಕೆ ನುಗ್ಗುತ್ತದೆ. ಅದು ಹೊರಗೆ ನುಗ್ಗಿದ ಮೇಲೆ ಕ್ಲಬ್ಬಿಗೆ ಹೊರಗಿನಿಂದ ಒಳಕ್ಕೆ, ಅಂದರೆ ಎಡಕ್ಕೆ, ಹೋಗದೆ ಬೇರೆ ದಾರಿಯೇ ಉಳಿಯುವುದಿಲ್ಲ.

ಚಿಕ್ಕಪ್ಪ: ಯಾಕೆ ನುಗ್ಗುತ್ತದೆ? ನಾನೇನು ನುಗ್ಗು ಅಂತ ಹೇಳಿದ್ದೇನಾ?

ಮಗಳು: ದೂರ ಹೊಡೆಯಬೇಕು ಅನ್ನುವ ಆಸೆ ಹೇಳ್ತದೆ. ದೇಹಕ್ಕೆ ಬಲ ಅಂದರೆ ಭುಜ, ತೋಳು. ಆದರೆ ಅದಕ್ಕೂ ಮೊದಲೇ, ನಿಲ್ಲುವಾಗಲೇ, ಒಂದು ಕಳ್ಳ ಕಾರಣ ಇರ್ತದೆ. ಎದ್ದು ನಿಲ್ಲಿ, ತೋರಿಸ್ತೇನೆ. ಡ್ರೈವರ್‌ಗೆ ಚೆಂಡು ಎಲ್ಲಿ ಇಡ್ತೀರಿ?

ಚಿಕ್ಕಪ್ಪ: ಎಡ ಹಿಮ್ಮಡಿಯ ನೇರಕ್ಕೆ. ಅದು ಸರಿಯಲ್ಲವಾ?

ಮಗಳು: ಸರಿಯೇ, ಹಿಮ್ಮಡಿಯ ಒಳಮೈಗೆ. ಈಗ ಕ್ಲಬ್ಬನ್ನು ಅಲ್ಲಿಗೆ ಚಾಚಿ. ನಿಮ್ಮ ಭುಜ ನೋಡಿಕೊಳ್ಳಿ. ಕಾಲು ಗುರಿಗೆ ಸಮಾನಾಂತರ ಇದೆ, ಭುಜ ಮಾತ್ರ ಬಾಗಿಲು ತೆಗೆದ ಹಾಗೆ ಎಡಕ್ಕೆ ತೆರೆದುಕೊಂಡಿದೆ. ಚೆಂಡು ಮುಂದಿರುವುದರಿಂದ ಬಲಗೈ ಅಲ್ಲಿಗೆ ಮುಟ್ಟಲಿಕ್ಕೆ ಬಲ ಭುಜವನ್ನು ಎಳೆದುಕೊಂಡು ಹೋಗಿದೆ. ಐರನ್ನಿನಲ್ಲಿ ಚೆಂಡು ನಡುವೆ ಇರುವುದರಿಂದ ಇದು ಆಗುವುದಿಲ್ಲ. ಡ್ರೈವರ್‌ನಲ್ಲಿ ಮಾತ್ರ ಕಾಯಿಲೆ ಕಾಣುವುದಕ್ಕೆ ಇದೂ ಒಂದು ಕಾರಣ. ಕ್ಲಬ್ ಭುಜದ ಗೆರೆಯನ್ನು ಹಿಡಿದು ಹೋಗ್ತದೆ, ಕಾಲಿನ ಗೆರೆಯನ್ನಲ್ಲ.

ಚಿಕ್ಕಪ್ಪ: ಹಾಗಾದರೆ ಚೆಂಡನ್ನು ಹಿಂದಕ್ಕೆ ತರಬೇಕಾ?

ಮಗಳು: ಬೇಡ, ನೀವು ವಾಲಿ. ಬಲ ಭುಜವನ್ನು ಎಡ ಭುಜಕ್ಕಿಂತ ಕೆಳಗೆ ಇಳಿಸಿ, ಮುಂದಕ್ಕೆ ತರಬೇಡಿ. ಬೆನ್ನುಮೂಳೆ ಗುರಿಯಿಂದ ಸ್ವಲ್ಪ ದೂರಕ್ಕೆ ವಾಲಲಿ. ಕಾಲು ಭುಜದಗಲಕ್ಕಿಂತ ಕೊಂಚ ಅಗಲವಾಗಲಿ. ಈಗ ನೋಡಿ, ಭುಜ ಮತ್ತೆ ಮುಚ್ಚಿಕೊಂಡಿತು.

ಚಿಕ್ಕಪ್ಪ: ಬಾವಿಗೆ ಇಣುಕಿದ ಹಾಗಾಗ್ತದೆ.

ಮಗಳು: ಹೊಸದೆಲ್ಲ ಹಾಗೇ ಅನ್ನಿಸುವುದು. ಈ ವಾಲುವಿಕೆಯಿಂದ ಇನ್ನೊಂದು ಲಾಭ. ಸ್ವಿಂಗಿನ ಅತಿ ಕೆಳಗಿನ ಬಿಂದು ಚೆಂಡಿಗಿಂತ ಹಿಂದೆ ಬರ್ತದೆ, ಕ್ಲಬ್ ಅಲ್ಲಿಂದ ಮೇಲೇರುವಾಗ ಚೆಂಡು ಸಿಗ್ತದೆ. ಐರನ್ನಿನಲ್ಲಿ ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಡ್ರೈವರ್‌ನಲ್ಲಿ ಚೆಂಡು ಟೀ ಮೇಲಿರುವುದರಿಂದ ಮೇಲೇರುತ್ತಾ ಹೊಡೆಯಬಹುದು. ಟೀ ಎತ್ತರ ಎಷ್ಟೆಂದರೆ, ಕ್ಲಬ್ ನೆಲಕ್ಕಿಟ್ಟಾಗ ಅರ್ಧ ಚೆಂಡು ಅದರ ತಲೆಗಿಂತ ಮೇಲೆ ಕಾಣಬೇಕು.

ಚಿಕ್ಕಪ್ಪ: ಟಿವಿಯಲ್ಲಿ ನೋಡಿದರೆ ಗಂಡಸರೆಲ್ಲ ಚಚ್ಚಿದ ಹಾಗೆ ಹೊಡೀತಾರೆ, ಮೇಲೆ ಕೆಳಗೆ ಏನೂ ಗೊತ್ತಾಗುವುದಿಲ್ಲ.

ಮಗಳು: ಅವರನ್ನು ನೋಡಿ ಕಲಿಯಬೇಡಿ. ಅಮೆರಿಕದ ಪುರುಷರ ಟೂರ್‌ನಲ್ಲಿ ಡ್ರೈವರ್ ತಲೆಯ ಸರಾಸರಿ ವೇಗ ಗಂಟೆಗೆ 180 ಕಿಲೋಮೀಟರಿನ ಆಸುಪಾಸು. ಅಷ್ಟು ವೇಗ ಇರುವವರು ಸ್ವಲ್ಪ ಕೆಳಮುಖವಾಗಿ ಹೊಡೆದರೂ ನಡೀತದೆ, ಅವರ ಹಳೆಯ ಸರಾಸರಿ ಕೂಡ ಒಂದು ಡಿಗ್ರಿ ಕೆಳಕ್ಕೇ ಇತ್ತು. ಮಹಿಳೆಯರ ಟೂರ್‌ನಲ್ಲಿ ವೇಗ 150ರ ಹತ್ತಿರ, ಅವರು ಸುಮಾರು ಮೂರು ಡಿಗ್ರಿ ಮೇಲಕ್ಕೆ ಹೊಡೀತಾರೆ. ಇರುವ ವೇಗದಲ್ಲೇ ಚೆಂಡನ್ನು ಎತ್ತರಕ್ಕೆ, ಕಡಿಮೆ ಸುತ್ತಿನಲ್ಲಿ ಕಳಿಸ್ತಾರೆ. ನಿಮ್ಮಂಥವರು ನೋಡಬೇಕಾದ್ದು ಅವರನ್ನು.

ಚಿಕ್ಕಪ್ಪ: ನಮ್ಮ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನು ನೋಡಿದ್ದೇನೆ. ಟೋಕಿಯೋ ಒಲಿಂಪಿಕ್ಸ್ ನಡೆದಾಗ ಮಳೆಗಾಲ, ಇಲ್ಲಿ ಕರೆಂಟು ಹೋಗಿ ಬಂದು ಮಾಡ್ತಿತ್ತು. ಆದರೂ ಬೆಳಗ್ಗೆ ಬೆಳಗ್ಗೆ ಎದ್ದು ಕೂತಿದ್ದೆ. ಪದಕ ಕೈತಪ್ಪಿತಲ್ಲ ಅಂತ ಊಟ ಸೇರಲಿಲ್ಲ.

ಮಗಳು: ಅದು 2021ರ ಆಗಸ್ಟ್. 60 ಆಟಗಾರ್ತಿಯರಲ್ಲಿ ಡ್ರೈವರ್ ದೂರದಲ್ಲಿ ಅದಿತಿ ಬಹುತೇಕ ಕೊನೆಯಲ್ಲಿದ್ದರು. ಆ ಬೇಸಿಗೆಯಲ್ಲಿ ಕೋವಿಡ್ ಬಂದು ಸುಸ್ತಾಗಿದ್ದರು ಬೇರೆ. ಆದರೂ ಮೂರು ದಿನದ ಆಟ ಮುಗಿದಾಗ ಎರಡನೇ ಸ್ಥಾನ. ಕೊನೆಗೆ ಪಾರ್‌ಗಿಂತ 15 ಕಡಿಮೆ, ನಾಲ್ಕನೇ ಸ್ಥಾನ. ಬೆಳ್ಳಿ, ಕಂಚಿನವರು 16 ಕಡಿಮೆ. ಒಂದೇ ಒಂದು ಹೊಡೆತ.

ಚಿಕ್ಕಪ್ಪ: ಅದೇ ನಾನು ಹೇಳುವುದು! ನೀವು ಕಲಿಸುವವರೆಲ್ಲ ಅದಿತಿಯ ಕತೆ ಹೇಳಿ ‘ದೂರ ಮುಖ್ಯ ಅಲ್ಲ’ ಅಂತೀರಿ. ಇನ್ನು ಹತ್ತು ಗಜ ಹೆಚ್ಚು ಹೋಗಿದ್ದರೆ ಆ ಒಂದು ಹೊಡೆತ ಉಳೀತಿತ್ತಲ್ಲ?

ಮಗಳು: ಉಳೀತಿತ್ತೋ ಏನೋ. ದೂರ ಮುಖ್ಯ ಅಲ್ಲ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳು. ಎಲ್ಲರಿಗಿಂತ ಹಿಂದಿನಿಂದ ಉದ್ದದ ಕ್ಲಬ್ಬಿನಲ್ಲಿ ಗ್ರೀನಿಗೆ ಹೊಡೆಯುವ ಕಷ್ಟವನ್ನು ಅವರು ನಾಲ್ಕು ದಿನ ಹೊತ್ತರು, ಪಟಿಂಗಿನಲ್ಲಿ ತೀರಿಸಿದರು. ಆದರೆ ಅವರ ಚೆಂಡು ಫೇರ್‌ವೇಯಲ್ಲಿತ್ತು. ನಿಮ್ಮದು ಪೊದೆಯಲ್ಲಿ. ಪೊದೆಗೆ ಹೋದ ಚೆಂಡು ಹುಡುಕಲಿಕ್ಕೆ 3 ನಿಮಿಷ. 2019ಕ್ಕಿಂತ ಮೊದಲು 5 ಇತ್ತು, ಅದನ್ನೂ ಕಡಿಮೆ ಮಾಡಿದರು. ಸಿಗದಿದ್ದರೆ ಒಂದು ಹೊಡೆತ ದಂಡ, ಮೇಲಿಂದ ಮತ್ತೆ ಟೀಗೆ ವಾಪಸ್. ಅಂದರೆ ನಿಮ್ಮ ಸ್ಲೈಸ್ ಪ್ರತಿ ಸಲ ಕಸಿಯುವುದು ಹತ್ತು ಗಜವನ್ನಲ್ಲ, ಎರಡು ಹೊಡೆತವನ್ನು.

ಚಿಕ್ಕಪ್ಪ: ನೇರ ಹೊಡೆದರೆ ದೂರ ಕಡಿಮೆಯಾಗ್ತದಲ್ಲ, ಮೆಲ್ಲಗೆ ಹೊಡೆಯಬೇಕಾಗ್ತದೆ.

ಮಗಳು: ಅಲ್ಲಿ ನಿಮಗೆ ಒಂದು ಲೆಕ್ಕ ಹೇಳ್ತೇನೆ, ಬ್ಯಾಂಕಿನವರಲ್ಲವಾ. ಕ್ಲಬ್ಬಿನ ತಲೆ 140 ಕಿಲೋಮೀಟರ್ ವೇಗದಲ್ಲಿ ಬಂತು ಅನ್ನಿ. ಫೇಸಿನ ನಟ್ಟನಡುವೆ ತಾಗಿದರೆ ಚೆಂಡು ಅದರ ಒಂದೂವರೆ ಪಟ್ಟಿನ ಹತ್ತಿರ ಹೊರಡ್ತದೆ, 205ರ ಆಸುಪಾಸು. ಅದಕ್ಕಿಂತ ಹೆಚ್ಚು ಬೇಕೆಂದರೂ ನಿಯಮದೊಳಗಿನ ಫೇಸ್ ಕೊಡುವುದಿಲ್ಲ. ಅದೇ ವೇಗ, ಆದರೆ ನಡುವಿಂದ ಎರಡು ಬೆರಳು ತಪ್ಪಿತು, 1.35 ಪಟ್ಟಿಗೆ ಇಳಿಯಿತು ಅಂತಾದರೆ 189. ಬೆವರು ಸುರಿಸದೆಯೇ ಹದಿನೈದಿಪ್ಪತ್ತು ಗಜ ಹೋಯಿತು. ಜೋರಾಗಿ ಬೀಸಿ ನೀವು ಗಳಿಸುವುದು ಇದಕ್ಕಿಂತ ಕಡಿಮೆ.

ಚಿಕ್ಕಪ್ಪ: ಎಲ್ಲಿ ತಾಗಿತು ಅಂತ ಗೊತ್ತಾಗುವುದು ಹೇಗೆ? ಎಲ್ಲ ಹೊಡೆತಕ್ಕೂ ‘ಟಂಯ್’ ಅನ್ನುವ ಒಂದೇ ಸದ್ದು.

ಮಗಳು: ಚಿಕ್ಕಮ್ಮನ ಪೌಡರ್ ಡಬ್ಬಿ ತನ್ನಿ.

ಚಿಕ್ಕಪ್ಪ: ಏನು?

ಮಗಳು: ಡ್ರೈವರ್ ಮುಖಕ್ಕೆ ಪೌಡರ್ ಸವರಿ ಹೊಡೆದರೆ ಚೆಂಡಿನ ಗುಂಡಗಿನ ಗುರುತು ಬೀಳ್ತದೆ. ಅದೇ ನಿಮ್ಮ ರಿಪೋರ್ಟು. ಗುರುತು ಹಿಡಿಯ ಕಡೆ, ಅಂದರೆ ಹೀಲ್ ಕಡೆ ಬಿದ್ದಿದ್ದರೆ ಅದೇ ಚೆಂಡನ್ನು ಬಲಕ್ಕೆ ಬಾಗಿಸ್ತದೆ. ತುದಿಯ ಕಡೆ, ಟೋ ಕಡೆ ಬಿದ್ದಿದ್ದರೆ ಎಡಕ್ಕೆ. ನಡುವೆ ತಾಗದಿದ್ದಾಗ ತಲೆಯೇ ತಿರುಚಿಕೊಳ್ತದೆ, ಚೆಂಡು ಹಲ್ಲುಗಾಲಿಯಂತೆ ಅದಕ್ಕೆ ವಿರುದ್ಧ ಸುತ್ತಿಕೊಳ್ತದೆ. ಡ್ರೈವರ್ ಫೇಸ್ ಚಪ್ಪಟೆ ಇರದೆ ಸ್ವಲ್ಪ ಉಬ್ಬಿರುವುದು ಇದನ್ನು ಸರಿತೂಗಿಸಲಿಕ್ಕೇ. ಎಷ್ಟೋ ಜನ ಫೇಸ್, ದಾರಿ ಎರಡೂ ಸರಿಯಿದ್ದು ಬರೀ ಹೀಲ್‌ನಲ್ಲಿ ತಾಗಿಸಿ ಸ್ಲೈಸ್ ಅಂತ ಕಂಗಾಲಾಗ್ತಾರೆ. ಅವರು ಒಂದಿಂಚು ಹಿಂದೆ ನಿಂತರೆ ಮುಗೀತು.

ಚಿಕ್ಕಪ್ಪ: ಮತ್ತೆ ಎಲ್ಲರೂ ಹೇಳುವ ‘ತಲೆ ಎತ್ತಬೇಡಿ’ ಅನ್ನುವುದು? ನಾನು ಚೆಂಡು ಹೋದ ಮೇಲೂ ಟೀಯನ್ನೇ ನೋಡ್ತಾ ನಿಂತಿರ್ತೇನೆ.

ಮಗಳು: ಅದಕ್ಕೇ ಚೆಂಡು ಹೊರಟ ದಿಕ್ಕು ನಿಮಗೆ ಗೊತ್ತಿಲ್ಲ! ಸ್ವೀಡನ್ನಿನ ಅನಿಕಾ ಸೋರೆನ್‌ಸ್ಟಾಮ್ ಚೆಂಡು ತಾಗುವ ಹೊತ್ತಿಗೇ ಮುಖವನ್ನು ಗುರಿಯ ಕಡೆ ತಿರುಗಿಸ್ತಿದ್ದರು. ಗೆದ್ದ ಮೇಜರ್‌ಗಳು ಹತ್ತು. ತಲೆಯನ್ನು ಬಿಗಿಹಿಡಿದರೆ ಎದೆ ತಿರುಗುವುದು ನಿಲ್ತದೆ, ಎದೆ ನಿಂತರೆ ಕೈ ಒಂದೇ ಓಡ್ತದೆ. ನಿಮ್ಮ ವಯಸ್ಸಿನ ಕುತ್ತಿಗೆಗೂ ಒಳ್ಳೆಯದಲ್ಲ. ತಲೆ ಎತ್ತಬಾರದು, ಸರಿ, ತಿರುಗಲಿಕ್ಕೆ ಬಿಡಿ.

ಚಿಕ್ಕಪ್ಪ: ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಹೊಡೆಯುವುದು ಹೇಗೆ? ನಿಂತ ಕೂಡಲೇ ಹತ್ತು ಮಾತು ನೆನಪಾಗಿ ಕೈ ಕಲ್ಲಾಗ್ತದೆ.

ಮಗಳು: ಹೊಡೆಯುವಾಗ ಒಂದೂ ಇಟ್ಟುಕೊಳ್ಳಬಾರದು. ಇಟ್ಟುಕೊಳ್ಳುವುದು ಇಲ್ಲಿ, ಈ ಅಂಗಳದಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ಗಾಲ್ಫ್ ಕೋರ್ಸ್ ಇಲ್ಲ ಅಂತ ನೀವು ಪೇಚಾಡ್ತೀರಲ್ಲ, ದಾರಿ ತಿದ್ದಿಕೊಳ್ಳಲಿಕ್ಕೆ ಕೋರ್ಸ್ ಬೇಡ, ಚೆಂಡೂ ಬೇಡ. ಚೆಂಡು ಕಂಡರೆ ನಿಮಗೆ ದೂರದ ಆಸೆ ಹುಟ್ಟಿ ಬಲ ಭುಜ ಮತ್ತೆ ನುಗ್ಗುತ್ತದೆ. ಹಾಗಾಗಿ ಮೊದಲು ಚೆಂಡು ಬಿಟ್ಟೇ ಕಲಿಯಬೇಕು.

ಚಿಕ್ಕಪ್ಪ: ಏನು ಮಾಡಲಿ, ಹೇಳು. ಕೊಯ್ಲು ಶುರುವಾದರೆ ಅಂಗಳ ನನ್ನದಲ್ಲ, ಅಡಿಕೆಯದ್ದು.

ಮಗಳು: ಒಂದನೆಯದು, ಡ್ರೈವರನ್ನು ತಿರುಗಿಸಿ ತಲೆಯ ಹತ್ತಿರ ಹಿಡಿದು ಬೀಸಿ. ಗಾಳಿ ಸೀಳುವ ‘ಸುಂಯ್’ ಸದ್ದು ಎಲ್ಲಿ ಕೇಳ್ತದೆ ಗಮನಿಸಿ.

ಚಿಕ್ಕಪ್ಪ: (ಬೀಸಿ) ಬಲ ಕಿವಿಯ ಹತ್ತಿರವೇ ಕೇಳಿತು.

ಮಗಳು: ಅಂದರೆ ವೇಗ ಚೆಂಡಿಗೆ ಬರುವ ಮೊದಲೇ ಖರ್ಚಾಯ್ತು. ಸದ್ದು ಎಡಗಾಲಿನ ಮುಂದೆ ಕೇಳುವ ಹಾಗಾಗಬೇಕು. ಜೋರು ಬೇಡ, ಗ್ರಿಪ್ ಸಡಿಲ ಮಾಡಿ, ಕೆಳಗಿನಿಂದ ಶುರು ಮಾಡಿ, ಸದ್ದನ್ನು ಮುಂದೂಡಿ. ಎರಡನೆಯದು ಹೆಜ್ಜೆ. ಎರಡೂ ಪಾದ ಜೋಡಿಸಿ ನಿಂತು ಕ್ಲಬ್ಬನ್ನು ಹಿಂದಕ್ಕೆ ಒಯ್ಯಿರಿ. ಅದು ಮೇಲೆ ಮುಟ್ಟುವ ಸ್ವಲ್ಪ ಮೊದಲೇ ಎಡಗಾಲನ್ನು ಗುರಿಯ ಕಡೆ ಊರಿ, ಆಮೇಲೆ ಬೀಸಿ. ಕಾಲು ಊರಿದ ಮೇಲೆ ಭುಜಕ್ಕೆ ಮೊದಲು ನುಗ್ಗಲಿಕ್ಕೆ ಆಗುವುದೇ ಇಲ್ಲ, ಕ್ರಮ ತಾನಾಗಿ ಕೂರ್ತದೆ.

ಚಿಕ್ಕಪ್ಪ: ದೋಟಿಯವನು ಕಾಲು ಊರುವುದು ಇದನ್ನೇ.

ಮಗಳು: ಮೂರನೆಯದಕ್ಕೆ ಮಾತ್ರ ಚೆಂಡು ಬೇಕು, ಚಿಕ್ಕಮಗಳೂರಿಗೆ ಹೋದಾಗ ಮಾಡಿ. ಡ್ರೈವರ್ ಟೋಪಿಯನ್ನು, ಆ ಬಟ್ಟೆಯ ಕವರನ್ನು, ಚೆಂಡಿನ ಆಚೆ ಬದಿಗೆ, ಸ್ವಲ್ಪ ಹಿಂದೆ ಇಡಿ. ಕ್ಲಬ್ ಹೊರಗಿನಿಂದ ಬಂದರೆ ಕವರ್ ಹಾರ್ತದೆ. ಅದನ್ನು ಮುಟ್ಟದೆ ಹೊಡೆದರೆ ದಾರಿ ಸರಿಯಾಯ್ತು. ಮೊದಲು ಅರ್ಧ ಸ್ವಿಂಗ್, ಸೊಂಟದಿಂದ ಸೊಂಟಕ್ಕೆ, ಆಮೇಲೆ ಪೂರ್ತಿ.

ಚಿಕ್ಕಪ್ಪ: ಲಯ? ಟಿವಿಯಲ್ಲಿ ಅದರದ್ದೇ ಹೊಗಳಿಕೆ.

ಮಗಳು: ಒಳ್ಳೆಯ ವೃತ್ತಿಪರರನ್ನು ವಿಡಿಯೋದಲ್ಲಿ ಎಣಿಸಿ ನೋಡಿದವರು ಹೇಳುವುದು, ಹಿಂದಕ್ಕೆ ಹೋಗುವ ಹೊತ್ತು ಮೂರು ಪಾಲಾದರೆ ಕೆಳಗೆ ಬರುವುದು ಒಂದು ಪಾಲು. ನಿಧಾನದ ಆಟಗಾರನಿಗೂ ವೇಗದವನಿಗೂ ಅನುಪಾತ ಹೆಚ್ಚುಕಡಿಮೆ ಅದೇ. ಹೊಸಬರು ಹಿಂದಕ್ಕೆ ಒಯ್ಯುವುದನ್ನು ವಿಪರೀತ ನಿಧಾನ ಮಾಡಿ, ಮೇಲೆ ಹೋದ ಮೇಲೆ ಗಾಬರಿಬಿದ್ದು ಎಳೀತಾರೆ. ಒಂದು, ಎರಡು, ಮೂರು ಅಂತ ಮನಸ್ಸಿನಲ್ಲೇ ಎಣಿಸಿ ಮೇಲೆ ಹೋಗಿ, ನಾಲ್ಕಕ್ಕೆ ಚೆಂಡು. ಚಂಡೆಮದ್ದಳೆ ಕೇಳಿ ಬೆಳೆದವರಿಗೆ ಇದೇನು ಕಷ್ಟ?

ಚಿಕ್ಕಪ್ಪ: ಫೋನಿನಲ್ಲಿ ನನ್ನದೇ ವಿಡಿಯೋ ತೆಗೆದುಕೊಂಡರೆ ಉಪಯೋಗ ಉಂಟಾ? ಒಂದು ಸಲ ತೆಗೆಸಿದೆ, ಅದರಲ್ಲಿ ಹೊಟ್ಟೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಮಗಳು: ಎದುರಿನಿಂದ ತೆಗೆಸಿದಿರಿ. ದಾರಿ ನೋಡಬೇಕೆಂದರೆ ಗುರಿಯ ನೇರಕ್ಕೆ ನಿಮ್ಮ ಹಿಂದಿನಿಂದ ತೆಗೆಯಬೇಕು, ಫೋನು ಸೊಂಟದೆತ್ತರದಲ್ಲಿ, ನಿಮ್ಮ ಕೈಯ ಗೆರೆಗೆ ಸರಿಯಾಗಿ ಇರಲಿ. ಒಂದಡಿ ಅತ್ತಿತ್ತ ಇಟ್ಟರೂ ಸರಿ ಇರುವುದು ತಪ್ಪು ಕಾಣ್ತದೆ. ಇನ್ನೊಂದು ಮಾತು. ಬೆಳಗ್ಗೆ ಎದ್ದ ಮೈಯಲ್ಲಿ ಡ್ರೈವರ್ ಬೀಸಬೇಡಿ. ತೋಟಕ್ಕೆ ಒಂದು ಸುತ್ತು ಹೋಗಿ ಬನ್ನಿ, ಸೊಂಟ ತಿರುಗಿಸಿ, ಆಮೇಲೆ. ಡ್ರೈವರ್ ಸ್ವಿಂಗಿನಲ್ಲಿ ಕೆಳಬೆನ್ನಿಗೆ ಬೀಳುವ ತಿರುಚು ಸಣ್ಣದಲ್ಲ.

ಚಿಕ್ಕಪ್ಪ: ನಿನ್ನ ಹಾಗೆ ಹೇಳಿಕೊಡುವವರು ಇದ್ದರೆ ಸರಿ. ಇದು ದುಡ್ಡಿನವರ ಆಟ ಅಂತ ಇಲ್ಲಿ ನನ್ನನ್ನು ಆಡಿಕೊಳ್ತಾರೆ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಬ್ರಿಟಿಷರು ಕಟ್ಟಿದ್ದು. ಕೋಲಾರದ ಗಣಿಯಲ್ಲಿ ಅವರದ್ದೇ ಆಟ, ಕೊಡಗಿನಲ್ಲಿ, ನಮ್ಮ ಚಿಕ್ಕಮಗಳೂರಿನಲ್ಲಿ ಕಾಫಿ ತೋಟದವರದ್ದು. ಸಾಮಾನ್ಯನಿಗೆ ಎಲ್ಲಿ ಜಾಗ?

ಮಗಳು: ಮಾತು ಸುಳ್ಳಲ್ಲ. ಆದರೆ ಆ ಹುಲ್ಲಿನ ಮೇಲೆ ಬ್ಯಾಗು ಹೊತ್ತು ನಡೆದವರೂ ಇದ್ದಾರಲ್ಲ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಚಿಕ್ಕರಂಗಪ್ಪ ಬಿಡದಿಯ ಹತ್ತಿರದ ಹಳ್ಳಿಯವರು, ಊರ ಪಕ್ಕದ ಕೋರ್ಸಿನಲ್ಲಿ ಚೆಂಡು ಹೆಕ್ಕುತ್ತಾ ಆಟಕ್ಕೆ ಬಿದ್ದು ಏಷ್ಯನ್ ಟೂರ್‌ವರೆಗೆ ಹೋದರು. ಅಂಥವರಿಗೆ ದಿನಾ ಎದುರಿಗೆ ನೂರಾರು ಚೆಂಡು ಹಾರ್ತಿದ್ದವು. ಕ್ಯಾಡಿಯಾದವನು ಚೆಂಡು ಹೊರಟ ದಿಕ್ಕು ನೋಡದೆ ಇರುವ ಹಾಗಿಲ್ಲ, ಅದನ್ನು ಹುಡುಕಿ ಕೊಡಬೇಕಾದವನು ಅವನೇ. ಎಷ್ಟು ಎಡಕ್ಕೆ ಹೊರಟಿತು, ಎಲ್ಲಿ ಬಾಗಿತು, ಎಲ್ಲಿ ಇಳಿಯಬಹುದು ಅಂತ ಲೆಕ್ಕ ಹಾಕಿ ಹಾಕಿ ಅವರಿಗೆ ಚೆಂಡಿನ ಭಾಷೆ ಬಂತು. ಸಾಹೇಬರಿಗೆ ಸ್ವಿಂಗ್ ಮಾತ್ರ ಬಂತು.

ಚಿಕ್ಕಪ್ಪ: ಬಂತೋ ಇಲ್ಲವೋ! ಸರಿ, ನನಗೆ ಪರೀಕ್ಷೆ ಮಾಡು. ಕೇಳು.

ಮಗಳು: ಚೆಂಡು ಬಲಕ್ಕೆ ಹೊರಟಿತು, ಬಾಗಲೇ ಇಲ್ಲ, ಬಲಕ್ಕೇ ಹೋಯ್ತು.

ಚಿಕ್ಕಪ್ಪ: ಫೇಸ್ ಬಲಕ್ಕೆ, ದಾರಿಯೂ ಬಲಕ್ಕೆ. ಎರಡೂ ಜೊತೆಗಿವೆ. ಮೊದಲು ನಿಂತದ್ದು ಎಲ್ಲಿಗೆ ನೋಡಿಕೊಂಡು ಅಂತ ವಿಚಾರಿಸಬೇಕು.

ಮಗಳು: ಬಲಕ್ಕೆ ಹೊರಟು ಮೆಲ್ಲಗೆ ಗುರಿಗೆ ತಿರುಗಿತು?

ಚಿಕ್ಕಪ್ಪ: ಫೇಸ್ ಸ್ವಲ್ಪ ಬಲಕ್ಕೆ, ದಾರಿ ಅದಕ್ಕಿಂತ ಬಲಕ್ಕೆ. ಅದನ್ನು ಮುಟ್ಟಬಾರದು, ಕೈಮುಗಿದು ಸುಮ್ಮನಿರಬೇಕು.

ಮಗಳು: ನೇರ ಹೊರಟು ಜೋರಾಗಿ ಬಲಕ್ಕೆ ಬಾಗಿತು. ಪೌಡರಿನ ಗುರುತು ಹೀಲ್‌ನಲ್ಲಿ.

ಚಿಕ್ಕಪ್ಪ: ಸ್ವಿಂಗನ್ನು ಬೈಯುವ ಮೊದಲು ಒಂದಿಂಚು ಹಿಂದೆ ನಿಂತು ನೋಡಬೇಕು.

ಮಗಳು: ಇಷ್ಟು ಬಂದರೆ ನಿಮಗೆ ನಾನು ಬೇಡ. ಮುಂದಿನ ಸಲ ಚಿಕ್ಕಮಗಳೂರಿಗೆ ಹೋದಾಗ ಒಂದೇ ಒಂದು ಕಟ್ಟಳೆ ಹಾಕಿಕೊಳ್ಳಿ: ಹೊಡೆದ ಚೆಂಡು ಏನು ಹೇಳಿತು ಅಂತ ಬಾಯಿಬಿಟ್ಟು ಹೇಳುವವರೆಗೆ ಇನ್ನೊಂದು ಚೆಂಡು ಮುಟ್ಟಕೂಡದು. ಮತ್ತೆ ಎಡಕ್ಕೆ ತಿರುಗಿ ನಿಲ್ಲುವ ಬುದ್ಧಿ ಬಂದರೆ?

ಚಿಕ್ಕಪ್ಪ: ಬಾರದೆ ಇರ್ತದಾ, ಇಷ್ಟು ವರ್ಷದ ಅಭ್ಯಾಸ. ಬಂದರೆ ಬೇಕೆಂದೇ ಗುರಿಗಿಂತ ತುಸು ಬಲಕ್ಕೆ ನೋಡಿ ನಿಲ್ತೇನೆ. ಬಲಗಡೆಯ ಪೊದೆಯ ಮೇಲಿನ ಹೆದರಿಕೆ ಹೋಗಲಿಕ್ಕೆ ಅದಕ್ಕೆ ಎದುರಾಗೇ ನಿಲ್ಲಬೇಕು ಅಂತ ಕಾಣ್ತದೆ. ಆದರೆ ಒಂದು ಮಾತು, ನನಗೆ ದೂರ ಬೇಕೇ ಬೇಕು. ಅದನ್ನು ಬಿಡು ಅಂತ ಹೇಳಬೇಡ.

ಮಗಳು: ಬಿಡಿ ಅಂತ ಹೇಳಿದವರು ಯಾರು? ಮೊದಲು ಹೊಡೆದ ಚೆಂಡು ಕೈಗೆ ಸಿಗಲಿ ಚಿಕ್ಕಪ್ಪಾ, ಎಷ್ಟು ದೂರ ಹೋಗಿತ್ತು ಅಂತ ಅಳೆಯಲಿಕ್ಕಾದರೂ ಅದು ಬೇಕಲ್ಲ.